ಮೇರೆಯ ಪದ್ಯ, ಸೈರಣೆಯ ಪದ್ಯ: ಗಡಿಯ ಶಾಲೆಯಲ್ಲಿ ‘ಕವಿರಾಜಮಾರ್ಗ’ದ ಮರುಓದು

ನೂರು ವರ್ಷ ತುಂಬಿದ ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿದಾಗ, ಯಾವುದರ ಚರಿತ್ರೆಯನ್ನು ಬರೆಯಬೇಕೆಂಬ ಪ್ರಶ್ನೆ ಮೊದಲು ಎದುರಾಯಿತು. ಸ್ಥಾಪಕರ ತ್ಯಾಗ, ದಾನಿಗಳ ಔದಾರ್ಯ, ಹಿಂದಿನ ಮುಖ್ಯಾಧ್ಯಾಪಕರ ಪರಿಶ್ರಮ, ಕಟ್ಟಡಗಳು ಎದ್ದ ಬಗೆ ಇವೆಲ್ಲ ಅನ್ಯ ಪುಟಗಳಲ್ಲಿ ನಮಗಿಂತ ಚೆನ್ನಾಗಿ ಬಲ್ಲ ಹಿರಿಯರ ಲೇಖನಿಯಿಂದಲೇ ಬಂದಿವೆ. ಆದುದರಿಂದ ನಾವು ಒಂದು ಗ್ರಂಥದ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ‘ಕವಿರಾಜಮಾರ್ಗ’ ನಮ್ಮ ಎಂ.ಎ. ತರಗತಿಯ ದಿನಗಳಿಂದಲೂ ನಮಗೆ ಪ್ರಿಯವಾದ ಗ್ರಂಥ. ಆದರೆ ಪರೀಕ್ಷೆ, ನೌಕರಿ, ಸಂಸಾರ, ಶಾಲೆಯ ಲೆಕ್ಕಪತ್ರಗಳ ನಡುವೆ ಅದನ್ನು ಮತ್ತೆ ಆದ್ಯಂತವಾಗಿ ಓದುವ ಯೋಗ ಬಹುಕಾಲ ಒದಗಿರಲಿಲ್ಲ. ಶತಮಾನೋತ್ಸವದ ನಿಮಿತ್ತ ಗ್ರಂಥಾಲಯದ ಕಪಾಟುಗಳನ್ನು ಒಪ್ಪಗೊಳಿಸುವಾಗ, ಬೆನ್ನು ಹರಿದ ಅದರ ಪ್ರತಿಯೊಂದು ಕೈಗೆ ಬಂದಿತು. ಅಂದಿನಿಂದ ಮೊದಲ್ಗೊಂಡು ಒಂದು ವರ್ಷ, ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ, ಕನ್ನಡ ಕಲಿಸುವ ನಾವು ನಾಲ್ಕೈದು ಜನ ಒಟ್ಟಿಗೆ ಕುಳಿತು ಅದನ್ನು ಓದಿದೆವು. ಮರಾಠಿ ಕಲಿಸುವ ಸಹೋದ್ಯೋಗಿಗಳೂ ಕೆಲವೊಮ್ಮೆ ಬಂದು ಕೇಳುತ್ತಿದ್ದರು. ಆ ಓದಿನ ಫಲವೇ ಈ ಬರಹ.

ಪಾಲಕರಲ್ಲಿ ಅನೇಕರಿಗೆ ಈ ಗ್ರಂಥದ ಹೆಸರು ಹೊಸದಾಗಿರಬಹುದು. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಇದೇ ಮೊದಲನೆಯದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ರಚಿತವಾದುದು. ಕಾವ್ಯವನ್ನು ಹೇಗೆ ಬರೆಯಬೇಕು, ಅದರಲ್ಲಿ ದೋಷ ಯಾವುದು, ಗುಣ ಯಾವುದು ಎಂಬುದನ್ನು ಮೂರು ಪರಿಚ್ಛೇದಗಳಲ್ಲಿ ಹೇಳುವ ಶಾಸ್ತ್ರಗ್ರಂಥವಿದು. ಬಹುಕಾಲ ಇದರ ಕರ್ತೃ ನೃಪತುಂಗನೇ ಎಂದು ತಿಳಿಯಲಾಗಿತ್ತು. ಇಂದು ಹೆಚ್ಚಿನ ವಿದ್ವಾಂಸರು ಅವನ ಆಸ್ಥಾನದ ಶ್ರೀವಿಜಯನನ್ನು ಹೆಸರಿಸುತ್ತಾರೆ. ಗ್ರಂಥವು ತನ್ನನ್ನು ‘ನೃಪತುಂಗದೇವಾನುಮತ’ ಎಂದು ಕರೆದುಕೊಂಡಿದೆ. ಬರೆದವನೊಬ್ಬ, ಒಪ್ಪಿದವನೊಬ್ಬ. ಅರಸನು ತನ್ನ ಹೆಸರಿನಲ್ಲಿ ಇನ್ನೊಬ್ಬನ ಮಾತಿಗೆ ಒಪ್ಪಿಗೆಯ ಮುದ್ರೆಯನ್ನು ಒತ್ತಿದ ಈ ಪದವೇ ನಮಗೆ ಬಹಳ ಹಿಡಿಸಿತು.

ಅಮೋಘವರ್ಷನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಅಕ್ಕಲಕೋಟೆ ಸೀಮೆಯ ನಮಗೆ ಅದು ದೂರದ ಊರಲ್ಲ. ಮುಂಜಾನೆ ಹೊರಟರೆ ಕೋಟೆಯನ್ನು ನೋಡಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ರಾಜ್ಯದ ಗಡಿಯನ್ನು ದಾಟಿ ಹೋಗಬೇಕೆಂಬುದಷ್ಟೇ. 814ರಿಂದ 878ರವರೆಗೆ ಆಳಿದ ಆ ಅರಸನ ಕಾಲದಲ್ಲಿ ಇಂಥದೊಂದು ಗೆರೆ ಇಲ್ಲಿ ಇರಲಿಲ್ಲ.

ಇಂಥ ಗ್ರಂಥವೂ ಕಾಲಕ್ರಮದಲ್ಲಿ ಸಾಮಾನ್ಯ ಓದುಗರ ಕಣ್ಣಿನಿಂದ ಮರೆಯಾಯಿತು. ಹಳಗನ್ನಡದ ಅನೇಕ ಗ್ರಂಥಗಳಂತೆ ಇದೂ ತಾಳೆಯೋಲೆಗಳಲ್ಲಿ ಮಾತ್ರ ಉಳಿದು, ಮುದ್ರಣದ ಬೆಳಕನ್ನು ಕಂಡುದು 1898ರಲ್ಲಿ. ಬಿ. ಎಲ್. ರೈಸ್ ಅವರು ಆರಂಭಿಸಿದ್ದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅದನ್ನು ಸಂಪಾದಿಸಿ ಹೊರತಂದವರು ಕೆ. ಬಿ. ಪಾಠಕ್ ಅವರು. ಪಂಪನಿಗಿಂತ ಸುಮಾರು ಒಂದು ಶತಮಾನ ಹಿಂದಿನ ಕನ್ನಡ ಗ್ರಂಥವೊಂದು ಹೀಗೆ ಕನ್ನಡಿಗರ ಕೈಗೆ ಬಂದಿತು.

ಪಾಠಕರ ವಿಷಯದಲ್ಲಿ ಇಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಅವರು ಶಾಸನ, ಜೈನ ಸಾಹಿತ್ಯ, ಸಂಸ್ಕೃತ ಕಾವ್ಯ ಮೂರರಲ್ಲೂ ದುಡಿದವರು. ಅಮೋಘವರ್ಷನ ಗುರುವೆನಿಸಿದ ಜಿನಸೇನನು ಕಾಳಿದಾಸನ ‘ಮೇಘದೂತ’ದ ಪಾದಗಳನ್ನು ಹೆಣೆದು ‘ಪಾರ್ಶ್ವಾಭ್ಯುದಯ’ವನ್ನು ರಚಿಸಿದ್ದಾನಷ್ಟೆ, ಆ ಕಾವ್ಯದ ಸಹಾಯದಿಂದ ‘ಮೇಘದೂತ’ದ ಪಾಠವನ್ನು ನಿಶ್ಚಯಿಸಿ 1894ರಲ್ಲಿ ಪ್ರಕಟಿಸಿದವರೂ ಪಾಠಕರೇ. ಮರಾಠಿ ವಿದ್ವತ್ತಿನ ಕೇಂದ್ರವಾದ ಪುಣೆಯ ಪ್ರಾಧ್ಯಾಪಕರೊಬ್ಬರ ಕೈಯಿಂದ ಕನ್ನಡದ ಮೊದಲ ಗ್ರಂಥ ನಮಗೆ ದೊರೆಯಿತೆಂಬುದನ್ನು ಗಡಿನಾಡಿನ ವೇದಿಕೆಗಳ ಮೇಲೆ ನಾವು ಕೇಳಿದ್ದು ಅಪರೂಪ. ಅನಂತರ 1930ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ಯರ ಪರಿಷ್ಕರಣ ಬಂದಿತು. ಪುಣೆ, ಬೆಂಗಳೂರು, ಮದರಾಸು ಮೂರೂ ಸೇರಿ ಈ ಗ್ರಂಥವನ್ನು ಎತ್ತಿ ನಿಲ್ಲಿಸಿದವು.

ಹೀಗೆ ಮರಳಿ ದೊರೆತ ಗ್ರಂಥದಲ್ಲಿ ಒಂದೇ ಒಂದು ಪದ್ಯ ಉಳಿದುವೆಲ್ಲವನ್ನೂ ಹಿಂದಿಕ್ಕಿ ಪ್ರಸಿದ್ಧವಾಯಿತು. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡು ಕನ್ನಡನಾಡು ಎಂದು ಹೇಳುವ ಆ ಪದ್ಯ ಯಾರಿಗೆ ತಿಳಿಯದು! ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಪ್ರಕಟವಾದ ಆ ದಿನಗಳಲ್ಲಿ, ಐದಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಇಂಥ ಒಂದು ಸಾಕ್ಷ್ಯ ಅಮೃತದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಶಾಲೆ ಆರಂಭವಾದುದೂ ಹೆಚ್ಚುಕಡಿಮೆ ಅದೇ ಉತ್ಸಾಹದ ದಿನಗಳಲ್ಲಿ. ಅಂದು ಈ ಸೀಮೆ ಭೋಸಲೆ ಮನೆತನದ ಸಂಸ್ಥಾನ. 1948ರಲ್ಲಿ ಸಂಸ್ಥಾನ ವಿಲೀನವಾಗಿ ಮುಂಬಯಿ ಪ್ರಾಂತದ ಸೊಲ್ಲಾಪುರ ಜಿಲ್ಲೆಗೆ ಸೇರಿತು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿಯೇ, ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ನೆರವೇರಿತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಈ ಸೀಮೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಗಡಿ ಮಾತ್ರ ಇದ್ದಲ್ಲಿಯೇ ಉಳಿಯಿತು. ಈ ಎಲ್ಲ ಏರಿಳಿತಗಳ ಉದ್ದಕ್ಕೂ, ರಾಜ್ಯೋತ್ಸವದಂದು ಭಾಷಣ ಮಾಡುವ ಮಗುವಿನಿಂದ ಹಿಡಿದು ಹೊರಗಿನಿಂದ ಬಂದ ಅತಿಥಿಯವರೆಗೆ ಎಲ್ಲರ ಬಾಯಲ್ಲೂ ಇದ್ದುದು ಆ ಎರಡು ನದಿಗಳ ಪದ್ಯವೇ. ಭೀಮೆಯ ಬಡಗಣದ ನಮ್ಮ ಊರುಗಳು ಆ ಪದ್ಯದೊಳಗೆ ಸಂಶಯವಿಲ್ಲದೆ ಸೇರುತ್ತವೆ. ಆ ಹೆಮ್ಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕನ್ನಡ ಶಾಲೆಯನ್ನು ಮಹಾರಾಷ್ಟ್ರದಲ್ಲಿ ನೂರು ವರ್ಷ ನಡೆಸುವುದಕ್ಕೆ ಎದೆಯಲ್ಲಿ ಅಷ್ಟು ಬಿಸಿ ಬೇಕೇ ಬೇಕು.

ಆದರೆ ಗ್ರಂಥವನ್ನು ಮೊದಲಿನಿಂದ ಓದುತ್ತ ಹೋದಂತೆ, ಮೇರೆಯನ್ನು ಹೇಳುವ ಆ ಪದ್ಯ ಅಲ್ಲಿ ಏಕೆ ಬಂದಿದೆ ಎಂಬುದು ಬೇರೆಯಾಗಿಯೇ ತೋರತೊಡಗಿತು. ಕವಿ ನಾಡಿನ ವಿಸ್ತಾರವನ್ನು ಹೇಳಿದ ಕೂಡಲೇ ಆ ನಾಡಿನ ಜನರ ಕಡೆಗೆ ತಿರುಗುತ್ತಾನೆ. ನೆಲವನ್ನು ಅಳೆದದ್ದು ಅದರಲ್ಲಿ ಬಾಳುವವರನ್ನು ಹೊಗಳುವುದಕ್ಕಾಗಿ. ಹದವರಿತು ಮಾತನಾಡಬಲ್ಲವರು, ಇನ್ನೊಬ್ಬರು ಆಡಿದುದನ್ನು ಅರಿತು ತೂಗಬಲ್ಲವರು, ಗ್ರಂಥಗಳನ್ನು ಓದಿ ಅಭ್ಯಾಸ ಮಾಡದೆಯೂ ಕಾವ್ಯದ ಪ್ರಯೋಗದಲ್ಲಿ ನುರಿತವರು ಎಂದು ಅವನು ಅವರನ್ನು ಕೊಂಡಾಡುತ್ತಾನೆ. ಅಲ್ಲಿಗೂ ನಿಲ್ಲದೆ, ತಂತಮ್ಮ ನುಡಿಯಲ್ಲಿ ಎಲ್ಲರೂ ಜಾಣರೇ, ಸಣ್ಣ ಮಕ್ಕಳೂ ಮೂಗರೂ ಕೂಡ ತಮ್ಮ ವಿವೇಕವನ್ನು ತಿಳಿಸಬಲ್ಲರು ಎನ್ನುತ್ತಾನೆ. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಚಕ್ರವರ್ತಿಯ ಆಸ್ಥಾನದಲ್ಲಿ ಕುಳಿತ ಪಂಡಿತನೊಬ್ಬ ಮೂಗರ ವಿವೇಕವನ್ನು ಎತ್ತಿ ಹೇಳಿದ್ದಾನೆ! ಬಿ.ಎಡ್. ತರಗತಿಯಲ್ಲಿ ಮಗುವಿನ ಅಂತಃಶಕ್ತಿಯ ಬಗ್ಗೆ ನಾವು ಓದಿದ ಪಾಶ್ಚಾತ್ಯ ಶಿಕ್ಷಣತಜ್ಞರ ಪುಟಗಳಲ್ಲಿ ಇಷ್ಟು ನೇರವಾದ ಮಾತನ್ನು ಕಂಡ ನೆನಪಿಲ್ಲ.

ಮೊದಲ ಪರಿಚ್ಛೇದದ ಬಹುಭಾಗ ದೋಷಗಳ ವಿಚಾರಕ್ಕೇ ಮೀಸಲು. ತಪ್ಪು ಹುಡುಕುವ ಶಾಸ್ತ್ರದಲ್ಲಿ ಬಿಗುಪು ಇರುವುದು ಸಹಜ. ಶ್ರೀವಿಜಯನೂ ಬಿಗಿಯಾದ ಗುರುವೇ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ತಿಳಿವಳಿಕೆಯಿಲ್ಲದೆ ಒಂದೇ ಸಮಾಸದಲ್ಲಿ ಬೆರೆಸಿದರೆ, ಮರುಗುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ಎಂದು ಗದರಿಸುತ್ತಾನೆ. (ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಈ ಉಪಮಾನವನ್ನು ವಿವರಿಸಬೇಕಾಗಿಲ್ಲ.) ಆದರೆ ಅದೇ ಗುರು ಕನ್ನಡದ ಒಳಭೇದಗಳ ಬಳಿಗೆ ಬಂದಾಗ ದನಿಯನ್ನು ಬದಲಿಸುತ್ತಾನೆ. ಅವನು ‘ಕನ್ನಡ’ ಎನ್ನುವುದಿಲ್ಲ, ‘ಕನ್ನಡಂಗಳ್’ ಎನ್ನುತ್ತಾನೆ; ಬಹುವಚನ. ಒಂದೊಂದು ಕಡೆಯ ದೇಸಿ ಒಂದೊಂದು ಬಗೆಯದಾಗಿರುವುದರಿಂದ, ಈ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಿ ಮುಗಿಸುವುದು ಸಾವಿರ ನಾಲಗೆಯ ವಾಸುಕಿಗೂ ಸಾಧ್ಯವಿಲ್ಲ, ಅವನಿಗೂ ಬೇಸರ ಬಂದೀತು ಎನ್ನುತ್ತಾನೆ.

ಈ ಪದ್ಯವನ್ನು ಓದಿದ ಶನಿವಾರ ನಮ್ಮಲ್ಲಿ ಬಹಳ ಹೊತ್ತು ಮಾತು ನಡೆಯಿತು. ಕಾರಣವಿದೆ. ನಮ್ಮ ಮಕ್ಕಳು ಹತ್ತನೆಯ ತರಗತಿ ಮುಗಿಸಿ ಗಡಿಯಾಚೆಯ ಕಾಲೇಜುಗಳಿಗೆ ಹೋದಾಗ, ಅವರ ಮಾತನ್ನು ಕೇಳಿ ನಗುವವರಿದ್ದಾರೆ. ಶಾಲೆಗೆ ‘ಸಾಲಿ’, ಹಲಗೆಗೆ ‘ಪಾಟಿ’, ಪುಸ್ತಕದ ಚೀಲಕ್ಕೆ ‘ದಪ್ತರ’ ಎನ್ನುವ ಕನ್ನಡ ಕನ್ನಡವೇ ಅಲ್ಲವೆಂದು ಹೇಳಿಸಿಕೊಂಡು ಬಂದ ಹಳೆಯ ವಿದ್ಯಾರ್ಥಿನಿಯರು, ಮನಸ್ಸು ಮುದುಡಿಕೊಂಡು ನಮ್ಮೆದುರು ಕುಳಿತದ್ದುಂಟು. ಅತ್ತ ಸೊಲ್ಲಾಪುರದ ಪೇಟೆಯಲ್ಲಿ ಅದೇ ಮಕ್ಕಳ ಮರಾಠಿಯನ್ನು ಕೇಳಿ ‘ಕಾನಡೀ ಮರಾಠಿ’ ಎಂದು ನಗುವವರೂ ಇದ್ದಾರೆ. ಎರಡು ನಗೆಗಳ ನಡುವೆ ಬೆಳೆಯುವ ಮಗುವಿಗೆ ವಾಸುಕಿಯ ಪದ್ಯಕ್ಕಿಂತ ಹಿರಿದಾದ ಧೈರ್ಯವನ್ನು ಯಾವ ಭಾಷಣ ಕೊಟ್ಟೀತು? ಕನ್ನಡದ ಮೊಟ್ಟಮೊದಲ ಶಾಸ್ತ್ರಕಾರನೇ ಅವಳ ದೇಸಿಗೆ ಜಾಗ ಕೊಟ್ಟಿದ್ದಾನೆ. ಅಷ್ಟೇ ಅಲ್ಲ, ಮಾತಿನ ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ ಎಂಬುದನ್ನೂ ಅವಳು ತಿಳಿಯಬೇಕು. ಮರಾಠಿಗರ ಊಟದ ‘ತೂಪ’ ನಮ್ಮ ತುಪ್ಪ. ಅವರ ‘ಅಣ್ಣಾ’, ‘ಅಕ್ಕಾ’ ನಮ್ಮ ಮನೆಯವರು. ಅವರ ‘ಅಡಕಿತ್ತಾ’ ನಮ್ಮ ಅಡಕತ್ತರಿ.

ದೋಷದ ವಿಚಾರದಲ್ಲಿಯೇ ಇನ್ನೊಂದು ಪದ್ಯವಿದೆ. ಏನು ಮಾಡಿದರೂ ಮನುಷ್ಯ ತನ್ನ ದೋಷವನ್ನು ತಾನು ಕಾಣಲಾರ, ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದಂತೆ, ಎಂಬುದು ಅದರ ಭಾವ. ಇಲ್ಲಿ ಕವಿ ಹೇಳುತ್ತಿರುವುದು ಕಾವ್ಯದ ದೋಷವನ್ನು ಕುರಿತು. ಆದರೂ ಆ ಕಾಡಿಗೆಯ ಕಣ್ಣು ನಮ್ಮ ಶಿಕ್ಷಕರ ಕೋಣೆಯಲ್ಲಿ ಕೆಲವು ವಾರ ಒಂದು ನುಡಿಗಟ್ಟೇ ಆಗಿಹೋಯಿತು. ಉತ್ತರಪತ್ರಿಕೆಗಳನ್ನು ತಿದ್ದುವಾಗ ಯಾರಾದರೂ ಬಹಳ ಸಿಡುಕಿದರೆ, ಪಕ್ಕದವರು ಮೆಲ್ಲನೆ ತಮ್ಮ ಕಣ್ಣಂಚನ್ನು ಮುಟ್ಟಿ ತೋರಿಸುತ್ತಿದ್ದರು.

ಕವಿಯ ಗುಣಗ್ರಹಣ ಬರಿಯ ಉಪದೇಶವಾಗಿ ಉಳಿದಿಲ್ಲ ಎಂಬುದಕ್ಕೆ ಗ್ರಂಥದಲ್ಲಿಯೇ ಸಾಕ್ಷಿಯಿದೆ. ತನಗಿಂತ ಹಿಂದಿನ ಕನ್ನಡ ಗದ್ಯಕಾರರನ್ನೂ ಪದ್ಯಕಾರರನ್ನೂ ಅವನು ಹೆಸರಿಟ್ಟು ಸ್ಮರಿಸುತ್ತಾನೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಕನ್ನಡ ಕೃತಿಗಳು ಇಂದು ನಮ್ಮ ಪಾಲಿಗಿಲ್ಲ. ಕನ್ನಡದ ಗದ್ಯಕಾರರೆಂದು ಅವರನ್ನು ನಾವು ಅರಿತಿರುವುದು ಇವನು ಸ್ಮರಿಸಿದ್ದರಿಂದ. ಇನ್ನು ಅವನ ಶಾಸ್ತ್ರಕ್ಕೆ ಮುಖ್ಯ ಆಧಾರ ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’. ದಂಡಿ ಕಂಚಿಯ ಪಲ್ಲವರ ಆಸ್ಥಾನದೊಡನೆ ಸಂಬಂಧವಿದ್ದವನೆಂದು ವಿದ್ವಾಂಸರು ಹೇಳುತ್ತಾರೆ. ರಾಷ್ಟ್ರಕೂಟರೂ ಪಲ್ಲವರೂ ರಣರಂಗದಲ್ಲಿ ಎದುರಾದವರು. ಹಗೆಯ ಊರಿನ ಪುಸ್ತಕವನ್ನು ಗುರುವಾಗಿ ಇಟ್ಟುಕೊಂಡು, ಅದನ್ನು ಹಾಗೆಯೇ ನಕಲು ಮಾಡದೆ, ಕನ್ನಡಕ್ಕೆ ಒಗ್ಗುವುದನ್ನು ಉಳಿಸಿಕೊಂಡು ತನ್ನ ನಾಡಿನ ಮಾತನ್ನು ಸೇರಿಸಿ ಬರೆದವನ ಕೃತಿಯಿದು.

ಈಗ ನಮ್ಮ ಶೀರ್ಷಿಕೆಯ ಎರಡನೆಯ ಪದ್ಯಕ್ಕೆ ಬರಬಹುದು. ‘ಕಸವರ’ವೆಂದರೆ ಹಳಗನ್ನಡದಲ್ಲಿ ಚಿನ್ನ, ಸಂಪತ್ತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲುದೇ ನಿಜವಾದ ಕಸವರ. ಆ ಶಕ್ತಿಯಿಲ್ಲದವರಿಗೆ ಕಸವೇನು, ಕಸವರವೇನು ಎಂದು ಕವಿ ಕೇಳುತ್ತಾನೆ. ‘ಕಸ’ ಮತ್ತು ‘ಕಸವರ’ ಎಂಬ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ಆಡಿದ ಈ ಮಾತಿನ ಚಮತ್ಕಾರ ಅನುವಾದಕ್ಕೆ ಸಿಕ್ಕುವುದಿಲ್ಲ. ಅಲಂಕಾರಶಾಸ್ತ್ರದ ನಡುವೆ ಇಂಥ ಮಾತೇಕೆ ಬಂದಿತೆಂದು ಕೇಳಿದರೆ, ಅದನ್ನು ಹುಟ್ಟಿಸಿದ ನಾಡನ್ನು ಸ್ವಲ್ಪ ನೋಡಬೇಕಾಗುತ್ತದೆ.

ಅಮೋಘವರ್ಷ ಜೈನಧರ್ಮದಲ್ಲಿ ಶ್ರದ್ಧೆಯುಳ್ಳವನು. ಅದೇ ಅರಸ, ಜನರಿಗೆ ಬಂದ ಉಪದ್ರವವನ್ನು ಪರಿಹರಿಸಲೆಂದು ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನು ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಇಂದು ನಮ್ಮದೇ ರಾಜ್ಯದಲ್ಲಿರುವ ಎಲ್ಲೋರದಲ್ಲಿ ಬೌದ್ಧ, ಶೈವ, ಜೈನ ಗುಹೆಗಳು ಒಂದೇ ಬೆಟ್ಟದ ಸಾಲಿನಲ್ಲಿವೆ. ಅವುಗಳ ನಡುವಿನ ಕೈಲಾಸ ದೇವಾಲಯ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ್ದು. 851ರ ಸುಮಾರಿನ ಅರಬ್ಬೀ ವರ್ತಕ ಸುಲೇಮಾನನ ಹೆಸರಿನ ವೃತ್ತಾಂತವು ‘ಬಲ್ಹರಾ’ ಅಂದರೆ ವಲ್ಲಭರಾಜನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಅರಬರನ್ನು ಅವನಷ್ಟು ಪ್ರೀತಿಯಿಂದ ಕಾಣುವ ಅರಸರು ಬೇರಿಲ್ಲವೆಂದು ಬರೆಯುತ್ತದೆ. ಪಾಲಘರ ಜಿಲ್ಲೆಯ ಚಿಂಚಣಿಯಲ್ಲಿ ದೊರೆತ 926ರ ತಾಮ್ರಪಟದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಕೊಂಕಣದ ಸಂಜಾನ್ ಮಂಡಲದ ಅಧಿಕಾರವನ್ನು ಇಮ್ಮಡಿ ಕೃಷ್ಣ ಒಬ್ಬ ‘ತಾಜಿಕ’ನಿಗೆ, ಅಂದರೆ ಅರಬನಿಗೆ ಒಪ್ಪಿಸಿದ್ದನು. ಶಾಸನದಲ್ಲಿ ಅವನ ಹೆಸರು ಮಧುಮತಿ. ‘ಮುಹಮ್ಮದ್’ ಎಂಬುದರ ಸಂಸ್ಕೃತ ರೂಪವದು ಎಂದು ಇತಿಹಾಸಕಾರರ ಮತ. ಈ ಮಧುಮತಿ ನದಿ ದಾಟುವವರಿಗೆ ಉಚಿತ ದೋಣಿಯನ್ನೂ ದಾರಿಗರಿಗೆ ಅನ್ನಸತ್ರವನ್ನೂ ಏರ್ಪಡಿಸಿದ್ದನು. ಮುಮ್ಮಡಿ ಇಂದ್ರನ ಒಪ್ಪಿಗೆ ಪಡೆದು ದೇವಿಯ ಮಠಿಕೆಯೊಂದಕ್ಕೆ ದತ್ತಿಯನ್ನೂ ಬಿಟ್ಟುಕೊಟ್ಟನು.

ರಾಷ್ಟ್ರಕೂಟರ ಕಾಲವೆಲ್ಲ ಶಾಂತಿಯ ಬೀಡಾಗಿತ್ತೆಂದು ಇದರಿಂದ ತಿಳಿಯಬಾರದು. ಅವರು ಕನೌಜದವರೆಗೆ ದಂಡೆತ್ತಿ ಹೋದವರು. ಅಮೋಘವರ್ಷನೂ ದಂಗೆಗಳನ್ನೂ ಯುದ್ಧಗಳನ್ನೂ ಕಂಡವನು. ಎಲ್ಲರೂ ಎಲ್ಲರನ್ನೂ ಸೈರಿಸುತ್ತಿದ್ದರೆ ಕವಿ ಸೈರಣೆಯನ್ನು ಚಿನ್ನವೆನ್ನುತ್ತಿರಲಿಲ್ಲ. ವಿರಳವಾದುದಕ್ಕೇ ಚಿನ್ನದ ಬೆಲೆ.

ಈ ಚಿನ್ನ ನಮ್ಮ ಸುತ್ತಲೂ ಬಿದ್ದಿರುವುದನ್ನು ಆಮೇಲೆ ಎಣಿಸತೊಡಗಿದೆವು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿ ಕನ್ನಡದಲ್ಲಿ ವಚನಗಳನ್ನು ಹಾಡಿದನು. ಇಂದಿನ ಸೊಲ್ಲಾಪುರದ ಸಂಕ್ರಾಂತಿಯ ಜಾತ್ರೆಯಲ್ಲಿ ಅವನ ಜಯಕಾರವನ್ನು ಕೂಗುವವರಲ್ಲಿ ಕನ್ನಡಿಗರೆಷ್ಟೋ ಮರಾಠಿಗರೂ ತೆಲುಗರೂ ಅಷ್ಟೇ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅವರ ಮನೆಮಾತು ಮರಾಠಿ; ಆ ಭಾಷೆಯಲ್ಲಿಯೂ ಬರೆದರು; ಹಾಗಿದ್ದೂ ಕನ್ನಡಕ್ಕೆ ಅವರಿತ್ತುದು ಎಷ್ಟೆಂಬುದನ್ನು ಇಲ್ಲಿ ಹೇಳಬೇಕೆ? 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಅವರೇ. ಮರಾಠಿಯ ಮಹಾ ಸಂಶೋಧಕರಾದ ರಾ. ಚಿಂ. ಢೇರೆಯವರು 1984ರಲ್ಲಿ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ವನ್ನು ಬರೆದು, ಮಹಾರಾಷ್ಟ್ರದ ಆರಾಧ್ಯದೈವದ ಕನ್ನಡ ಬೇರುಗಳನ್ನು ಯಾವ ಅಳುಕೂ ಇಲ್ಲದೆ ತೋರಿಸಿದರು, ಮರಾಠಿಗರು ಆ ಗ್ರಂಥವನ್ನು ತಲೆಯ ಮೇಲೆ ಹೊತ್ತರು, ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದಕ್ಕೆ ಬಂದಿತು. ನಮ್ಮ ಮಕ್ಕಳ ದಪ್ತರದಲ್ಲಿರುವ ಕನ್ನಡ ಪಠ್ಯಪುಸ್ತಕವನ್ನೇ ತೆಗೆದು ನೋಡಿ: ಅದನ್ನು ಸಿದ್ಧಪಡಿಸಿ ಅಚ್ಚು ಮಾಡಿಸುವುದು ಪುಣೆಯ ಬಾಲಭಾರತಿ. ಶಿಕ್ಷಕರ ನೇಮಕ, ಪುಸ್ತಕಗಳ ವಿಳಂಬ, ಇವುಗಳ ಬಗ್ಗೆ ನಾವು ಬರೆದ ಮನವಿಗಳು ಒಂದು ಕಡತವಾಗುವಷ್ಟಿವೆ. ಇನ್ನು ಮುಂದೆಯೂ ಬರೆಯುವೆವು. ಆದರೆ ಆ ಪುಸ್ತಕ ಕನ್ನಡದಲ್ಲಿ ಅಚ್ಚಾಗಿ ಬರುತ್ತಿದೆ ಎಂಬುದನ್ನು ಮನವಿಯ ಮೊದಲ ಸಾಲಿನಲ್ಲಿ ನೆನೆಯುವುದನ್ನು ಈಚೆಗೆ ರೂಢಿ ಮಾಡಿಕೊಂಡಿದ್ದೇವೆ.

ಕಳೆದ ವರ್ಷದ ಪ್ರವಾಸದಲ್ಲಿ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದಿದ್ದೆವು. ಗೊಮ್ಮಟನ ಪಾದದ ಬಳಿ, ಚಾವುಂಡರಾಜ ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಕೆತ್ತಿದ್ದಾರೆ. ನಾಗರಿ ಲಿಪಿಯ ಆ ಮರಾಠಿ ಸಾಲನ್ನು ನಮ್ಮ ಮಕ್ಕಳು ಒಂದೊಂದೇ ಅಕ್ಷರ ಕೂಡಿಸಿ ಓದಿದಾಗ, ಸುತ್ತಲಿದ್ದ ಬೇರೆ ಊರುಗಳ ಯಾತ್ರಿಕರು ಬೆರಗಾಗಿ, ಏನೆಂದು ಬರೆದಿದೆ ಹೇಳು ಮಗಾ ಎಂದು ಅವರನ್ನೇ ಕೇಳಿದರು. ಮಾತಿಗೆ ನಗುವವರ ನಡುವೆ ಬೆಳೆದ ಹುಡುಗಿಯೊಬ್ಬಳು ಅಂದು ಹತ್ತು ಜನಕ್ಕೆ ಅರ್ಥ ಹೇಳುತ್ತ ನಿಂತಿದ್ದಳು. ಪಾಲಕರು ಪ್ರತಿ ಜೂನ್ ತಿಂಗಳಲ್ಲಿ ನಮ್ಮೆದುರು ಕುಳಿತು, ಕನ್ನಡ ಮಾಧ್ಯಮದಲ್ಲಿ ಓದಿಸಿ ಏನು ಮಾಡುವುದು, ಬಾಯಿ, ಎಂದು ಕೇಳುತ್ತಾರೆ. ಪ್ರಶ್ನೆ ಅನ್ಯಾಯದ್ದಲ್ಲ, ಹೊಟ್ಟೆಯ ಪ್ರಶ್ನೆಯದು. ಈ ಪ್ರಸಂಗವನ್ನು ನಾವು ಅವರಿಗೆ ಹೇಳುತ್ತೇವೆ. ಒಪ್ಪುವವರೂ ಇದ್ದಾರೆ, ಒಪ್ಪದೆ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುವವರೂ ಇದ್ದಾರೆ. ಒಪ್ಪದವರ ಮಕ್ಕಳೂ ಸಂಜೆ ನಮ್ಮ ಅಂಗಳದಲ್ಲಿಯೇ ಖೋಖೋ ಆಡುತ್ತಾರೆ.

ಈ ವರ್ಷ ರಾಜ್ಯೋತ್ಸವದ ಫಲಕದಲ್ಲಿ ಎರಡು ನದಿಗಳ ಪದ್ಯದ ಪಕ್ಕದಲ್ಲಿ ಕಸವರದ ಪದ್ಯವನ್ನೂ ಬರೆಯಿಸಿದೆವು. ಅದರ ಭಾವವನ್ನು ಮರಾಠಿಯಲ್ಲಿಯೂ ಬರೆಯಬೇಕೆಂದು ಒಂಬತ್ತನೆಯ ತರಗತಿಯವರು ಹಟ ಹಿಡಿದರು. ‘ಸೈರಿಸು’ ಎಂಬಲ್ಲಿಗೆ ಕೆಲಸ ನಿಂತಿತು. ಮರಾಠಿ ಶಿಕ್ಷಕಿ ‘ಸೋಸಣೆ’ ಎಂದರು. ಅದರಲ್ಲಿ ನೋವನ್ನು ನುಂಗಿಕೊಳ್ಳುವ ಅರ್ಥ ಹೆಚ್ಚಾಯಿತೆಂದು ನಾವು. ‘ಸಹನ ಕರಣೆ’ ಎಂದು ಇನ್ನೊಬ್ಬರು. ಹಿಂದಿನ ಬೆಂಚಿನ ಹುಡುಗನೊಬ್ಬ ‘ಸಮಜೂನ ಘೇಣೆ’, ಅಂದರೆ ತಿಳಿದುಕೊಳ್ಳುವುದು, ಎಂದು ಸೂಚಿಸಿದ. ಅದು ಮೂಲದ ಪದವಲ್ಲ, ಮೂಲಕ್ಕಿಂತ ಒಂದು ಹೆಜ್ಜೆ ಮುಂದಿನದು. ಶಾಸ್ತ್ರದ ದೃಷ್ಟಿಯಿಂದ ಅನುವಾದದ ದೋಷವೆಂದೇ ಹೇಳಬೇಕು. ಫಲಕದ ಮೇಲೆ ಈಗ ‘ಸಹನ ಕರಣೆ’ ಎಂದಿದೆ, ಅದರ ಕೆಳಗೆ ಸೀಮೆಸುಣ್ಣದಲ್ಲಿ ಹುಡುಗನ ಪದವೂ ಇದೆ. ಅಳಿಸಬೇಡಿರೆಂದು ಸಿಪಾಯಿಗೆ ಹೇಳಿದ್ದೇವೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಮ್ಮ ಗ್ರಂಥಾಲಯದ ಪ್ರತಿಯ ಮೊದಲ ಹಾಳೆಗಳು ಹರಿದುಹೋಗಿರುವುದರಿಂದ ಅದು ಯಾವ ಮುದ್ರಣವೆಂದು ತಿಳಿಯುವಂತಿಲ್ಲ. 1898ರ ಪಾಠಕರ ಆವೃತ್ತಿಯಾಗಲಿ 1930ರ ಮದರಾಸು ಆವೃತ್ತಿಯಾಗಲಿ ಯಾರ ಮನೆಯ ಅಟ್ಟದಲ್ಲಾದರೂ, ಅಜ್ಜನ ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ಒಂದು ದಿನದ ಮಟ್ಟಿಗೆ ಶಾಲೆಗೆ ತಂದು ತೋರಿಸಬೇಕು. ಪುಟಗಳನ್ನು ಹೋಲಿಸಿ ನೋಡಿ, ಬಿಟ್ಟುಹೋದ ಹಾಳೆಗಳನ್ನು ಕೈಯಿಂದ ಬರೆದುಕೊಂಡು, ಗ್ರಂಥವನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಬರೆದುಕೊಳ್ಳಲು ಅಂದವಾದ ಅಕ್ಷರದ ಇಬ್ಬರು ಹುಡುಗಿಯರನ್ನು ಈಗಾಗಲೇ ಗೊತ್ತುಮಾಡಿದ್ದೇವೆ.